ಕಲೀಲ ಮತ್ತು ದಿಮ್ನ: ಇಸ್ಲಾಮಿ ನಾಗರಿಕತೆಯ ಬೌದ್ಧಿಕ ಪರಂಪರೆಯಲ್ಲಿ ಒಂದು ಕಥಾಗ್ರಂಥ

ಪೀಠಿಕೆ

ಇಸ್ಲಾಮಿ ನಾಗರಿಕತೆಯ ಬೌದ್ಧಿಕ ಪರಂಪರೆಯ ಮಾತು ಬಂದಾಗ ಸಾಮಾನ್ಯವಾಗಿ ಮೊದಲು ನೆನಪಾಗುವುದು ಗಣಿತ, ಖಗೋಳ, ವೈದ್ಯ ಮತ್ತು ತತ್ತ್ವಶಾಸ್ತ್ರಗಳು. ಗ್ರೀಕರ ಹಾಗೂ ಭಾರತೀಯರ ಶಾಸ್ತ್ರಗಳನ್ನು ಅರಬ್ಬಿ ಭಾಷೆಗೆ ತಂದು, ರಕ್ಷಿಸಿ, ಮುಂದೆ ಯುರೋಪಿಗೆ ತಲುಪಿಸಿದ ನಾಗರಿಕತೆ ಎಂಬ ವರ್ಣನೆ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದೆ. ಈ ವರ್ಣನೆ ಗೌರವಪೂರ್ವಕವಾದುದೇ ಆದರೂ ಅದರೊಳಗೆ ಒಂದು ಕೊರತೆಯಿದೆ. ಅದು ಒಂದು ನಾಗರಿಕತೆಯನ್ನು ಕೇವಲ ಸಾಗಣೆದಾರನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಪಡೆದುದನ್ನು ಅದು ಹೇಗೆ ಓದಿತು, ಏನನ್ನು ಬದಲಿಸಿತು, ಏಕೆ ಬದಲಿಸಿತು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ.

ಜಾನಪದ ಅಧ್ಯಯನವೂ ಈ ಕೊರತೆಗೆ ಹೊರತಾಗಿಲ್ಲ. ಜರ್ಮನ್ ವಿದ್ವಾಂಸ ಥಿಯೊಡೋರ್ ಬೆನ್ಫೆ 1859ರಲ್ಲಿ ಪಂಚತಂತ್ರದ ಜರ್ಮನ್ ಅನುವಾದವನ್ನು ವಿಸ್ತಾರವಾದ ಪ್ರಸ್ತಾವನೆಯೊಡನೆ ಪ್ರಕಟಿಸಿದನು. ಜಗತ್ತಿನ ಬಹುಪಾಲು ಕಥೆಗಳ ಮೂಲ ಭಾರತವೆಂದೂ ಅವು ಮುಖ್ಯವಾಗಿ ಮುಸ್ಲಿಮ್ ಜನಾಂಗಗಳ ಮೂಲಕ ಪಶ್ಚಿಮಕ್ಕೆ ಸಾಗಿದವೆಂದೂ ಅವನು ವಾದಿಸಿದನು. ಕಥೆಗಳ ವಲಸೆ ಸಿದ್ಧಾಂತಕ್ಕೆ ಇದು ಬುನಾದಿಯಾಯಿತು. ಈ ಸಿದ್ಧಾಂತದಲ್ಲಿ ಭಾರತ ತವರು, ಯುರೋಪು ಗಮ್ಯ. ಅರಬ್ಬಿ ಭಾಷೆ ನಡುವಣ ಸೇತುವೆ ಮಾತ್ರ. ಸೇತುವೆಯ ಮೇಲೆ ಯಾರೂ ವಾಸಿಸುವುದಿಲ್ಲ ಎಂಬ ಗ್ರಹಿಕೆ ಇಲ್ಲಿ ಕೆಲಸಮಾಡಿದೆ. ಪಂಚತಂತ್ರದ ಅರಬ್ಬಿ ರೂಪವಾದ ‘ಕಲೀಲ ವ ದಿಮ್ನ’ವನ್ನು ಅದರದೇ ನೆಲೆಯಲ್ಲಿಟ್ಟು ನೋಡಿದಾಗ ಈ ಗ್ರಹಿಕೆ ನಿಲ್ಲುವುದಿಲ್ಲ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಹ್ಲವಿಯ ಹಂತ: ವೈದ್ಯನೊಬ್ಬನ ಗ್ರಂಥ

ಪಂಚತಂತ್ರದ ಮೂಲ ಸಂಸ್ಕೃತ ಪಾಠ ಇಂದು ಲಭ್ಯವಿಲ್ಲ. ಕಾಶ್ಮೀರದ ತಂತ್ರಾಖ್ಯಾಯಿಕ, ದಾಕ್ಷಿಣಾತ್ಯ ಪಾಠ, ಜೈನ ಮುನಿ ಪೂರ್ಣಭದ್ರನು 1199ರಲ್ಲಿ ಸಿದ್ಧಪಡಿಸಿದ ಪಾಠ ಮುಂತಾದ ಹಲವು ರೂಪಗಳ ಮೂಲಕವಷ್ಟೇ ಅದನ್ನು ಊಹಿಸಬೇಕಾಗಿದೆ. ಭಾರತದ ಹೊರಗೆ ಇದರ ಮೊದಲ ಅನುವಾದ ನಡೆದುದು ಇಸ್ಲಾಮ್ ಧರ್ಮದ ಉದಯಕ್ಕೂ ಮೊದಲು, ಇರಾನಿನ ಸಸಾನಿ ಅರಸ ಖುಸ್ರೋ ಅನೂಶಿರ್ವಾನನ (ಆಳ್ವಿಕೆ: ಕ್ರಿ.ಶ. 531-579) ಕಾಲದಲ್ಲಿ. ಬುರ್ಜೋಯ್ ಎಂಬ ರಾಜವೈದ್ಯನು ಭಾರತಕ್ಕೆ ಬಂದು ಈ ಗ್ರಂಥವನ್ನು ಪಹ್ಲವಿ ಭಾಷೆಗೆ ಅನುವಾದಿಸಿದನೆಂದು ಪರಂಪರೆ ಹೇಳುತ್ತದೆ.

ಈ ಪ್ರಯಾಣವೇ ಒಂದು ಐತಿಹ್ಯವಾಗಿ ಬೆಳೆದಿದೆ. ಫಿರ್ದೌಸಿಯ ‘ಶಾಹ್‌ನಾಮೆ’ಯಲ್ಲಿ ಬರುವ ರೂಪದ ಪ್ರಕಾರ ಬುರ್ಜೋಯ್ ಭಾರತಕ್ಕೆ ಬಂದುದು ಸತ್ತವರನ್ನು ಬದುಕಿಸುವ ಮೂಲಿಕೆಯನ್ನು ಅರಸಿ. ಬೆಟ್ಟಗಳನ್ನೆಲ್ಲ ಅಲೆದರೂ ಅದು ಸಿಗಲಿಲ್ಲ. ಕೊನೆಗೆ ಒಬ್ಬ ವೃದ್ಧ ಜ್ಞಾನಿ ಆ ಮಾತಿನ ಒಳಾರ್ಥವನ್ನು ಬಿಡಿಸಿ ಹೇಳಿದನು: ಮೂಲಿಕೆಯೆಂದರೆ ಜ್ಞಾನ, ಸತ್ತವರೆಂದರೆ ಅಜ್ಞಾನಿಗಳು, ಆ ಮೂಲಿಕೆ ರಾಜನ ಭಂಡಾರದಲ್ಲಿರುವ ಒಂದು ಗ್ರಂಥದಲ್ಲಿದೆ. ಸಂಜೀವಿನಿಯ ಆಶಯವನ್ನು ಬಲ್ಲ ಭಾರತೀಯ ಓದುಗರಿಗೆ ಈ ಐತಿಹ್ಯ ಅಪರಿಚಿತವೆನಿಸದು. ಪುಸ್ತಕವನ್ನು ಔಷಧವೆಂದು ಕಾಣುವ ಈ ನೋಟವೇ ಮುಂದೆ ಅರಬ್ಬಿ ಪರಂಪರೆಗೂ ಬಂದಿತು.

ಪಹ್ಲವಿ ಅನುವಾದವೂ ನಷ್ಟವಾಗಿದೆ. ಅದರಿಂದ ಎರಡು ಕವಲುಗಳು ಒಡೆದವು. ಒಂದು, ಕ್ರಿ.ಶ. 570ರ ಸುಮಾರಿಗೆ ಬೂದ್ ಎಂಬ ಕ್ರೈಸ್ತ ವಿದ್ವಾಂಸನು ರಚಿಸಿದನೆನ್ನಲಾದ ಸಿರಿಯಾಕ್ ಅನುವಾದ. ಇನ್ನೊಂದು, ಸುಮಾರು 750ರಲ್ಲಿ ಇಬ್ನ್ ಅಲ್-ಮುಕಫ್ಫನು ರಚಿಸಿದ ಅರಬ್ಬಿ ‘ಕಲೀಲ ವ ದಿಮ್ನ’. ಕರಟಕ ಮತ್ತು ದಮನಕ ಎಂಬ ನರಿಗಳ ಹೆಸರುಗಳೇ ಅರಬ್ಬಿಯಲ್ಲಿ ಕಲೀಲ, ದಿಮ್ನ ಎಂದಾಗಿವೆ. ವಿಷ್ಣುಶರ್ಮನ ಸ್ಥಾನದಲ್ಲಿ ಬೈದಬಾ ಎಂಬ ತತ್ತ್ವಜ್ಞಾನಿ ದಬ್ಶಲೀಮ್ ಎಂಬ ಅರಸನಿಗೆ ಕಥೆ ಹೇಳುತ್ತಾನೆ. ಮೊದಲ ಸಿರಿಯಾಕ್ ಕವಲು ಹೆಚ್ಚು ಚಿಗುರಲಿಲ್ಲ. ಜಗತ್ತಿನ ತುಂಬ ಹರಡಿದ್ದು ಅರಬ್ಬಿ ಕವಲು.

ಬಾಗ್ದಾದಿನ ಅನುವಾದ ಯುಗ

ಅರಬ್ಬಿ ಪಾಠ ಬೇರೂರಿದ ಪರಿಸರವನ್ನು ಇಲ್ಲಿ ಸ್ಥೂಲವಾಗಿ ಗಮನಿಸಬೇಕು. ಕ್ರಿ.ಶ. 750ರಲ್ಲಿ ಉಮಯ್ಯದರನ್ನು ಸೋಲಿಸಿ ಅಬ್ಬಾಸಿಗಳು ಅಧಿಕಾರಕ್ಕೆ ಬಂದರು. 762ರಲ್ಲಿ ಖಲೀಫ ಅಲ್-ಮನ್ಸೂರನು ಬಾಗ್ದಾದ್ ನಗರಕ್ಕೆ ಅಡಿಪಾಯ ಹಾಕಿದನು. ಅವನ ಆಸ್ಥಾನದಲ್ಲಿಯೇ ಭಾರತೀಯ ಖಗೋಳ ಗ್ರಂಥವೊಂದು ‘ಸಿಂದ್‌ಹಿಂದ್’ ಎಂಬ ಹೆಸರಿನಲ್ಲಿ ಅರಬ್ಬಿಗೆ ಬಂದಿತು. ಮುಂದೆ ಅಲ್-ಖ್ವಾರಿಜ್ಮಿಯು ಭಾರತೀಯ ಅಂಕಿಗಳನ್ನು ಬಳಸುವ ಲೆಕ್ಕಾಚಾರವನ್ನು ಕುರಿತು ಬರೆದನು. 9ನೆಯ ಶತಮಾನದಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವೈದ್ಯನು ಗ್ರೀಕ್ ವೈದ್ಯ ಗ್ಯಾಲೆನ್ನನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದನು. ಒಂದೇ ಗ್ರಂಥದ ಹಲವು ಗ್ರೀಕ್ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಒಂದರೊಡನೆ ಒಂದನ್ನು ಹೋಲಿಸಿ, ಶುದ್ಧಪಾಠವನ್ನು ನಿರ್ಣಯಿಸಿದ ಮೇಲಷ್ಟೇ ಅನುವಾದಕ್ಕೆ ಕೈಹಾಕುವುದು ಅವನ ಕ್ರಮವಾಗಿತ್ತು. ಇಂದಿನ ಗ್ರಂಥಸಂಪಾದನ ಶಾಸ್ತ್ರದ ಮೂಲ ತತ್ತ್ವಗಳು ಅಲ್ಲಿ ಕಾಣುತ್ತವೆ. ಅದೇ ಶತಮಾನದ ಅಲ್-ಜಾಹಿಜ್ ತನ್ನ ‘ಕಿತಾಬ್ ಅಲ್-ಹಯವಾನ್’ ಎಂಬ ಪ್ರಾಣಿ ಸಂಬಂಧಿ ಗ್ರಂಥದಲ್ಲಿ ಅನುವಾದದ ಮಿತಿಗಳನ್ನು ಚರ್ಚಿಸಿ, ಅನುವಾದಕನ ಭಾಷಾಸಾಮರ್ಥ್ಯಕ್ಕೆ ಸಮನಾದ ವಿಷಯಜ್ಞಾನ ಅವನಲ್ಲಿರಬೇಕೆಂದು ವಾದಿಸುತ್ತಾನೆ.

ಇದಕ್ಕೆಲ್ಲ ಆಧಾರವಾಗಿ ನಿಂತದ್ದು ಕಾಗದ. 8ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಗದ ತಯಾರಿಕೆ ಮಧ್ಯ ಏಷ್ಯಾದಿಂದ ಬಾಗ್ದಾದಿಗೆ ಬಂದಿತು. ಅಲ್ಲಿನ ಪುಸ್ತಕ ಪೇಟೆಯಲ್ಲಿ ನೂರಕ್ಕೂ ಮಿಕ್ಕಿ ಅಂಗಡಿಗಳಿದ್ದವೆಂದು 9ನೆಯ ಶತಮಾನದ ಅಲ್-ಯಾಕೂಬಿ ಬರೆಯುತ್ತಾನೆ. ಈ ಅಂಗಡಿಗಳವರನ್ನು ‘ವರ್ರಾಕ್’ ಎಂದು ಕರೆಯುತ್ತಿದ್ದರು. ಕಾಗದ ಮಾರುವವರೂ ಪ್ರತಿ ಮಾಡುವವರೂ ಪುಸ್ತಕ ಮಾರುವವರೂ ಅವರೇ. ಶಾಸ್ತ್ರಗ್ರಂಥದಂತೆಯೇ ಕಥಾಗ್ರಂಥವೂ ಈ ಪೇಟೆಯಲ್ಲಿ ಬಿಕರಿಯಾಗುತ್ತಿತ್ತು.

ಇಬ್ನ್ ಅಲ್-ಮುಕಫ್ಫ: ಜೀವನ ಮತ್ತು ಧೋರಣೆ

ಇಬ್ನ್ ಅಲ್-ಮುಕಫ್ಫ ಇರಾನಿನ ಫಾರ್ಸ್ ಪ್ರಾಂತದವನು. ಅವನ ಮೂಲ ಹೆಸರು ರೂಜ್‌ಬೇಹ್. ತಂದೆ ತೆರಿಗೆ ಅಧಿಕಾರಿಯಾಗಿದ್ದು, ಹಣದ ದುರುಪಯೋಗದ ಆರೋಪದ ಮೇಲೆ ಚಿತ್ರಹಿಂಸೆಗೆ ಒಳಗಾಗಿ ಕೈ ಮುರುಟಿಹೋಯಿತೆಂದೂ ‘ಮುಕಫ್ಫ’ (ಮುರುಟಿದ ಕೈಯವನು) ಎಂಬ ಅಡ್ಡಹೆಸರು ಹೀಗೆ ಬಂದಿತೆಂದೂ ಚರಿತ್ರಕಾರರು ಹೇಳುತ್ತಾರೆ. ಮಗ ಬಸ್ರಾದಲ್ಲಿ ಅಧಿಕಾರಿಗಳ ಕಾರ್ಯದರ್ಶಿಯಾದನು. ಅಬ್ಬಾಸಿಗಳ ಕಾಲದಲ್ಲಿ ಇಸ್ಲಾಮ್ ಧರ್ಮವನ್ನು ಸ್ವೀಕರಿಸಿದನು. ಅರಬ್ಬಿ ಅವನ ಮನೆಮಾತಲ್ಲ. ಆದರೂ ಅರಬ್ಬಿ ಗದ್ಯದ ಆದ್ಯ ಪ್ರವರ್ತಕರಲ್ಲಿ ಅವನ ಹೆಸರು ಮುಂದಿದೆ.

ಅವನು ಖಲೀಫನಿಗೆ ಬರೆದ ‘ರಿಸಾಲಾ ಫೀ ಅಲ್-ಸಹಾಬಾ’ ಎಂಬ ಬಿನ್ನವತ್ತಳೆ ಇಲ್ಲಿ ಉಲ್ಲೇಖನೀಯ. ಒಂದೇ ಬಗೆಯ ಪ್ರಕರಣದಲ್ಲಿ ಒಂದು ಊರಿನ ನ್ಯಾಯಾಧೀಶ ಒಂದು ತೀರ್ಪು, ಇನ್ನೊಂದು ಊರಿನವನು ಅದಕ್ಕೆ ವಿರುದ್ಧವಾದ ತೀರ್ಪು ಕೊಡುವುದನ್ನು ಅವನು ಅದರಲ್ಲಿ ಎತ್ತಿ ತೋರಿಸಿ, ಇಡೀ ರಾಜ್ಯಕ್ಕೆ ಏಕರೂಪದ ನ್ಯಾಯಸಂಹಿತೆ ಬೇಕೆಂದು ಸೂಚಿಸಿದನು. ಈ ಸಲಹೆ ಕಾರ್ಯರೂಪಕ್ಕೆ ಬರಲಿಲ್ಲ. ಅಲ್-ಮನ್ಸೂರನ ವಿರುದ್ಧ ದಂಗೆಯೆದ್ದು ಸೋತ ಅವನ ಚಿಕ್ಕಪ್ಪ ಅಬ್ದುಲ್ಲಾ ಇಬ್ನ್ ಅಲಿಗೆ ಅಭಯಪತ್ರ ಬರೆದುಕೊಡುವ ಕೆಲಸ ಮುಂದೆ ಇಬ್ನ್ ಅಲ್-ಮುಕಫ್ಫನ ಪಾಲಿಗೆ ಬಂದಿತು. ಖಲೀಫನು ಮಾತಿಗೆ ತಪ್ಪಲು ಎಡೆಯೇ ಇರದಂತೆ ಅವನು ಅದರ ಷರತ್ತುಗಳನ್ನು ಬಿಗಿಯಾಗಿ ರಚಿಸಿದನು. ಇದು ಖಲೀಫನ ಕೋಪಕ್ಕೆ ಕಾರಣವಾಯಿತೆಂದೂ ಬಸ್ರಾದ ರಾಜ್ಯಪಾಲನು ಹಳೆಯ ವೈಷಮ್ಯದಿಂದ ಅವನನ್ನು ಕ್ರೂರವಾಗಿ ಕೊಲ್ಲಿಸಿದನೆಂದೂ ಪರಂಪರೆಯ ವೃತ್ತಾಂತಗಳು ತಿಳಿಸುತ್ತವೆ. ಇದು ನಡೆದುದು 756-759ರ ನಡುವೆ. ಆಗ ಅವನಿಗೆ ಸುಮಾರು ಮೂವತ್ತಾರು ವರ್ಷವೆಂಬುದು ರೂಢಿಯ ಎಣಿಕೆ. ಸಿಂಹರಾಜನ ಆಸ್ಥಾನದಲ್ಲಿ ಮಾತಿನಿಂದ ಬದುಕುವವರ, ಮಾತಿನಿಂದ ಸಾಯುವವರ ಕಥೆಯನ್ನು ಅನುವಾದಿಸಿದ ಈತನ ಬದುಕು ಆ ಕಥೆಯಿಂದ ದೂರವಿರಲಿಲ್ಲ.

ಗ್ರಂಥಕ್ಕೆ ಅವನು ಬರೆದ ಪ್ರಸ್ತಾವನೆ ಓದಿನ ವಿಧಾನವನ್ನೇ ಕುರಿತದ್ದು. ಪುಸ್ತಕಕ್ಕೆ ನಾಲ್ಕು ಉದ್ದೇಶಗಳಿವೆ ಎನ್ನುತ್ತಾನೆ. ಮಾತಾಡುವ ಪ್ರಾಣಿಗಳು ಎಳೆಯರನ್ನು ಸೆಳೆಯಲಿ ಎಂಬುದು ಮೊದಲನೆಯದು. ಬಣ್ಣಬಣ್ಣದ ಚಿತ್ರಗಳು ಅರಸರ ಮನಸ್ಸನ್ನು ರಂಜಿಸಲಿ ಎಂಬುದು ಎರಡನೆಯದು. ಹೀಗೆ ಅರಸರೂ ಸಾಮಾನ್ಯರೂ ಬಯಸುವುದರಿಂದ ಗ್ರಂಥ ಮತ್ತೆ ಮತ್ತೆ ಪ್ರತಿಯಾಗಿ ಅಳಿಯದೆ ಉಳಿಯಲಿ ಎಂಬುದು ಮೂರನೆಯದು. ತತ್ತ್ವಜ್ಞಾನಿಗೆ ಮಾತ್ರ ಎಟಕುವ ಒಳಾರ್ಥ ನಾಲ್ಕನೆಯದು. ಸಿಪ್ಪೆ ಒಡೆಯದವನಿಗೆ ಅಕ್ರೋಟಿನ ಕಾಯಿಯಿಂದ ಪ್ರಯೋಜನವಿಲ್ಲ ಎಂಬ ಹೋಲಿಕೆಯನ್ನೂ ಅವನು ಕೊಡುತ್ತಾನೆ. ಮೂರನೆಯ ಉದ್ದೇಶ ವಿಶೇಷ ಗಮನಕ್ಕೆ ಅರ್ಹವಾದುದು. ಒಂದು ಗ್ರಂಥ ಉಳಿಯುವುದು ಭಂಡಾರದಲ್ಲಿ ಬೀಗ ಹಾಕಿಡುವುದರಿಂದಲ್ಲ, ಜನ ಬಯಸಿ ಪ್ರತಿ ಮಾಡಿಕೊಳ್ಳುವುದರಿಂದ ಎಂಬ ಅರಿವು ಅದರಲ್ಲಿದೆ. ಮುಂದಿನ ಇತಿಹಾಸ ಈ ಮಾತನ್ನು ನಿಜಗೊಳಿಸಿತು.

ಅದೇ ಪ್ರಸ್ತಾವನೆಯಲ್ಲಿ ಒಂದು ಕಿರುಗತೆಯಿದೆ. ಬಯಲಿನಲ್ಲಿ ನಿಧಿ ಕಂಡವನೊಬ್ಬನು ತಾನೇ ಹೊತ್ತರೆ ದಿನಗಳು ಹಿಡಿದಾವೆಂದು ಕೂಲಿಯಾಳುಗಳನ್ನು ಗೊತ್ತುಮಾಡಿ ಹೊರೆ ಹೊರಿಸಿ ಕಳಿಸಿದನು. ಎಲ್ಲ ಮುಗಿಸಿ ಮನೆಗೆ ಹೋಗಿ ನೋಡಿದರೆ ಏನೂ ಇಲ್ಲ. ಹೊತ್ತವರೆಲ್ಲ ತಮ್ಮ ತಮ್ಮ ಮನೆಗೆ ಒಯ್ದಿದ್ದರು. ಅರ್ಥವನ್ನು ಅರಿಯದೆ ಓದುವವನಿಗೆ ಹೇಳಿದ ದೃಷ್ಟಾಂತವಿದು. ಕಥೆಗಳ ಚರಿತ್ರೆಗೂ ಇದನ್ನು ಅನ್ವಯಿಸಬಹುದು. ಹೊರೆ ಹೊರುವವರೆಂದು ತಿಳಿದವರೇ ನಿಧಿಯನ್ನು ತಮ್ಮದಾಗಿಸಿಕೊಂಡವರು. ಆದರೆ ಇಲ್ಲಿ ಅದು ಕಳವಲ್ಲ, ಒಕ್ಕಲುತನ.

ಎರಡು ಸೇರ್ಪಡೆಗಳು

ಅರಬ್ಬಿ ಪಾಠದ ಸ್ವಂತಿಕೆಯನ್ನು ತಿಳಿಯಲು ಅದರ ಎರಡು ಅಧ್ಯಾಯಗಳನ್ನು ಪರಿಶೀಲಿಸಬಹುದು.

ಮೊದಲನೆಯದು ಬುರ್ಜೋಯನ ಆತ್ಮಕಥನ. ಧನ, ಭೋಗ, ಕೀರ್ತಿ, ಪರಲೋಕದ ಫಲ ಈ ನಾಲ್ಕರಲ್ಲಿ ಕೊನೆಯದಕ್ಕಾಗಿ ವೈದ್ಯವೃತ್ತಿಯನ್ನು ಆರಿಸಿಕೊಂಡ ಅವನು, ಯಾವ ಔಷಧವೂ ರೋಗವನ್ನು ಶಾಶ್ವತವಾಗಿ ಕಳೆಯದೆಂದು ಕಂಡು ಧರ್ಮಗಳತ್ತ ಹೊರಳುತ್ತಾನೆ. ಪ್ರತಿ ಮತದವರೂ ತಮ್ಮದನ್ನು ಹೊಗಳಿ ಇತರರದನ್ನು ತೆಗಳುವುದನ್ನು ಕಂಡು, ಎಲ್ಲ ಮತಗಳೂ ಒಪ್ಪುವ ಸದಾಚಾರವನ್ನಷ್ಟೇ ಹಿಡಿಯುವುದೆಂದು ತೀರ್ಮಾನಿಸುತ್ತಾನೆ. ಈ ಅಧ್ಯಾಯದಲ್ಲಿ ಬಾವಿಗೆ ಬಿದ್ದವನ ದೃಷ್ಟಾಂತ ಬರುತ್ತದೆ. ಅಪಾಯಕ್ಕೆ ಹೆದರಿ ಓಡಿದವನು ಬಾವಿಯೊಳಗೆ ಎರಡು ಕೊಂಬೆಗಳನ್ನು ಹಿಡಿದು ತೂಗುತ್ತಾನೆ. ಕಾಲ ಬಳಿ ನಾಲ್ಕು ಹಾವುಗಳು, ತಳದಲ್ಲಿ ಬಾಯಿ ತೆರೆದ ಘಟಸರ್ಪ, ಕೊಂಬೆಗಳನ್ನು ಕಡಿಯುತ್ತಿರುವ ಬಿಳಿ ಹಾಗೂ ಕಪ್ಪು ಇಲಿಗಳು. ಹತ್ತಿರದ ಜೇನಿನ ರುಚಿಗೆ ಮರುಳಾಗಿ ಅವನು ಎಲ್ಲವನ್ನೂ ಮರೆಯುತ್ತಾನೆ. ಮಹಾಭಾರತದ ಸ್ತ್ರೀಪರ್ವದಲ್ಲಿಯೂ ಜೈನ ಪರಂಪರೆಯ ಮಧುಬಿಂದು ದೃಷ್ಟಾಂತದಲ್ಲಿಯೂ ಇರುವ ಕಥೆಯೇ ಇದು. ಆದರೆ ಇಲ್ಲಿ ನಾಲ್ಕು ಹಾವುಗಳು ದೇಹವನ್ನು ಆಳುವ ನಾಲ್ಕು ಧಾತುಗಳೆಂಬ ವಿವರಣೆಯಿದೆ. ಹಗಲಿರುಳುಗಳ ಇಲಿಗಳು ಹಾಗೆಯೇ ಉಳಿದು, ಹಾವುಗಳಿಗೆ ವೈದ್ಯಶಾಸ್ತ್ರದ ಅರ್ಥ ಕೂಡಿದೆ. ವೈದ್ಯನೊಬ್ಬನ ಬಾಯಲ್ಲಿ ಕಥೆ ವೈದ್ಯದ ಭಾಷೆಯನ್ನು ಪಡೆದಿದೆ. ಈ ಅಧ್ಯಾಯದಲ್ಲಿ ಬುರ್ಜೋಯನದೆಷ್ಟು, ಇಬ್ನ್ ಅಲ್-ಮುಕಫ್ಫನದೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಎರಡನೆಯದು ದಿಮ್ನನ ವಿಚಾರಣೆಯ ಅಧ್ಯಾಯ. ಇದು ಹಳೆಯ ಸಿರಿಯಾಕ್ ಪಾಠದಲ್ಲಿಯೂ ಇಲ್ಲ, ಸಂಸ್ಕೃತ ಪಾಠಗಳಲ್ಲಿಯೂ ಇಲ್ಲ. ಆದ್ದರಿಂದ ಇದು ಇಬ್ನ್ ಅಲ್-ಮುಕಫ್ಫನ ಸ್ವಂತ ರಚನೆ ಎಂಬುದು ಬಹುಮತದ ಅಭಿಪ್ರಾಯ. ಸಂಸ್ಕೃತದ ಮಿತ್ರಭೇದದಲ್ಲಿ ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ದಮನಕನು ಚಾಡಿಯಿಂದ ಒಡೆಯುತ್ತಾನೆ, ಸಂಜೀವಕ ಸಾಯುತ್ತಾನೆ, ದಮನಕ ಮಂತ್ರಿಯಾಗಿ ಸುಖವಾಗಿರುತ್ತಾನೆ. ನೀತಿಶಾಸ್ತ್ರದ ದೃಷ್ಟಿಯಲ್ಲಿ ಅದು ರಾಜಕಾರಣದ ಪಾಠ. ಅರಬ್ಬಿ ಅನುವಾದಕನಿಗೆ ಕಥೆ ಅಲ್ಲಿ ಮುಗಿಯುವುದು ಒಪ್ಪಿಗೆಯಾಗಲಿಲ್ಲ.

ಅರಬ್ಬಿಯಲ್ಲಿ ಸಿಂಹ ಪಶ್ಚಾತ್ತಾಪಪಡುತ್ತದೆ. ಕಲೀಲ ಮತ್ತು ದಿಮ್ನರ ಮಾತನ್ನು ಚಿರತೆಯೊಂದು ಮರೆಯಿಂದ ಕೇಳಿಸಿಕೊಂಡು ಸಿಂಹದ ತಾಯಿಗೆ ತಿಳಿಸುತ್ತದೆ. ತಾಯಿ ಶಿಕ್ಷೆಗೆ ಒತ್ತಾಯಿಸಿದರೂ ಸಿಂಹ ಒಮ್ಮೆ ದುಡುಕಿ ಕೊಂದ ಅನುಭವದಿಂದ ವಿಚಾರಣೆಯಿಲ್ಲದೆ ದಂಡಿಸಲು ಒಪ್ಪುವುದಿಲ್ಲ. ದಿಮ್ನನನ್ನು ಸೆರೆಯಲ್ಲಿಟ್ಟು ನ್ಯಾಯಾಧೀಶನ ಮುಂದೆ ನಿಲ್ಲಿಸಲಾಗುತ್ತದೆ. ಅವನ ಮುಖಲಕ್ಷಣವೇ ಅಪರಾಧಿಯದೆಂದು ಆಪಾದಿಸಿದವನನ್ನು ದಿಮ್ನ ವಾದದಲ್ಲಿ ಸೋಲಿಸುತ್ತಾನೆ. ಕಲೀಲ ದುಃಖದಿಂದ ಸಾಯುತ್ತಾನೆ. ಕೊನೆಗೆ ಚಿರತೆ ಸಾಕ್ಷಿ ಹೇಳುತ್ತದೆ. ಸೆರೆಮನೆಯಲ್ಲಿ ಆ ಇಬ್ಬರ ಮಾತನ್ನು ಕೇಳಿದ್ದ ಇನ್ನೊಂದು ಪ್ರಾಣಿಯೂ ಆಗ ಮುಂದೆ ಬರುತ್ತದೆ. ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ಕೇಳಿದಾಗ, ಒಬ್ಬನ ಸಾಕ್ಷ್ಯದಿಂದ ತೀರ್ಪು ಸಿದ್ಧಿಸದು ಎಂಬುದು ಅದರ ಉತ್ತರ. ಎರಡು ಸಾಕ್ಷ್ಯಗಳು ಕೂಡಿದ ಮೇಲಷ್ಟೇ ದಿಮ್ನನಿಗೆ ಮರಣದಂಡನೆಯಾಗುತ್ತದೆ.

ಇಬ್ಬರು ಸಾಕ್ಷಿಗಳು ಬೇಕೆಂಬುದು ಇಸ್ಲಾಮಿ ನ್ಯಾಯಪದ್ಧತಿಯ ಪರಿಚಿತ ನಿಯಮ. ಪ್ರಾಣಿಕಥೆಯೊಳಗೆ ಅದು ಪ್ರವೇಶ ಪಡೆದ ಬಗೆ ಗಮನಾರ್ಹ. ದಿಮ್ನ ಅಪರಾಧಿಯೆಂದು ಓದುಗನಿಗೆ ಮೊದಲೇ ಗೊತ್ತು, ರಾಜಮಾತೆಗೆ ಗೊತ್ತು, ಸಿಂಹಕ್ಕೂ ಸಂಶಯವಿಲ್ಲ. ಆದರೂ ಗೊತ್ತಿರುವುದೇ ಸಾಲದು, ಸಾಬೀತಾಗಬೇಕು ಎಂಬ ತತ್ತ್ವವನ್ನು ಕಥೆ ಎತ್ತಿಹಿಡಿಯುತ್ತದೆ. ಖಲೀಫನಿಗೆ ಏಕರೂಪದ ನ್ಯಾಯಸಂಹಿತೆಯನ್ನು ಸೂಚಿಸಿದ, ಅಭಯಪತ್ರದಿಂದ ಅವನ ಕೈಕಟ್ಟಲು ಯತ್ನಿಸಿದ ಲೇಖಕನ ಚಿಂತನೆಯೇ ಇಲ್ಲಿ ಕಥಾರೂಪದಲ್ಲಿದೆ ಎಂದು ಭಾವಿಸಲು ಅವಕಾಶವಿದೆ. ಸಿಂಹ ದಿಮ್ನನಿಗೆ ಕೊಟ್ಟ ವಿಚಾರಣೆ ಇಬ್ನ್ ಅಲ್-ಮುಕಫ್ಫನಿಗೆ ದೊರೆಯಲಿಲ್ಲ.

ಲಿಪಿಕಾರರು ಮತ್ತು ಕಥನಕಾರರು

ಇಬ್ನ್ ಅಲ್-ಮುಕಫ್ಫನ ಸ್ವಹಸ್ತದ ಪಾಠವಾಗಲಿ, ಅವನ ಕಾಲಕ್ಕೆ ಸಮೀಪದ ಪ್ರತಿಯಾಗಲಿ ಉಳಿದಿಲ್ಲ. ಈಗ ದೊರೆಯುವ ಪ್ರಾಚೀನ ಪೂರ್ಣ ಹಸ್ತಪ್ರತಿಗಳು 13ನೆಯ ಶತಮಾನದವು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ, ಆ ಶತಮಾನದ ಆರಂಭದ ಸಚಿತ್ರ ಪ್ರತಿ ಇವುಗಳಲ್ಲಿ ಪ್ರಸಿದ್ಧ. ಅನುವಾದಕ್ಕೂ ಈ ಪ್ರತಿಗಳಿಗೂ ನಡುವೆ ನಾಲ್ಕೂವರೆ ಶತಮಾನಗಳ ಅಂತರವಿದೆ. ಪ್ರತಿಯಿಂದ ಪ್ರತಿಗೆ ವಾಕ್ಯಗಳು, ಉಪಕಥೆಗಳು, ಅಧ್ಯಾಯಗಳ ಸಂಖ್ಯೆ ಎಲ್ಲವೂ ಬದಲಾಗುತ್ತವೆ. 19 ಮತ್ತು 20ನೆಯ ಶತಮಾನದ ಸಂಪಾದಕರು ಈ ವ್ಯತ್ಯಾಸಗಳನ್ನು ಲಿಪಿಕಾರರ ದೋಷವೆಂದು ಭಾವಿಸಿ ‘ಮೂಲ’ದ ಹುಡುಕಾಟಕ್ಕೆ ತೊಡಗಿದರು. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯದಲ್ಲಿ ಬಿಯಾಟ್ರಿಸ್ ಗ್ರುಂಡ್ಲರ್ ಅವರ ನೇತೃತ್ವದಲ್ಲಿ 2018ರಲ್ಲಿ ಆರಂಭವಾದ ಸಂಶೋಧನಾ ಯೋಜನೆ ಬೇರೆಯೇ ದಾರಿ ಹಿಡಿಯಿತು. ಲಿಪಿಕಾರರನ್ನು ತಪ್ಪು ಮಾಡುವವರೆಂದು ನೋಡದೆ ಗ್ರಂಥದ ಸಹಕರ್ತೃಗಳೆಂದು ಪರಿಗಣಿಸಿ, ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಕ್ರಮ ಅದರದು.

ಜಾನಪದ ವಿದ್ವಾಂಸರಿಗೆ ಈ ತೀರ್ಮಾನ ಅನಿರೀಕ್ಷಿತವಲ್ಲ. ಮೌಖಿಕ ಪರಂಪರೆಯಲ್ಲಿ ಪ್ರತಿ ನಿರೂಪಣೆಯೂ ಸ್ವತಂತ್ರ ಪಾಠವೆಂಬುದು ಕ್ಷೇತ್ರಕಾರ್ಯದ ಮೊದಲ ಅರಿವು. ಎ.ಕೆ. ರಾಮಾನುಜನ್ ಅವರು ರಾಮಾಯಣಗಳನ್ನು ಕುರಿತ 1991ರ ಪ್ರಬಂಧದಲ್ಲಿ ಮೂಲ ಮತ್ತು ಪಾಠಾಂತರ ಎಂಬ ಶ್ರೇಣಿಯನ್ನು ಬಿಟ್ಟು, ಎಲ್ಲವನ್ನೂ ‘ಹೇಳಿಕೆ’ಗಳೆಂದು ಕರೆಯುವುದು ಉಚಿತವೆಂದು ವಾದಿಸಿದುದನ್ನು ಇಲ್ಲಿ ನೆನೆಯಬಹುದು. ಬಾಗ್ದಾದಿನ ವರ್ರಾಕ್, ಲೇಖನಿ ಹಿಡಿದ ಕಥೆಗಾರನೂ ಆಗಿದ್ದನು.

ಕಥೆಗಳ ಬಗ್ಗೆ ಆ ಸಮಾಜದಲ್ಲಿ ಸೈದ್ಧಾಂತಿಕ ಕುತೂಹಲವೂ ಇತ್ತು. ಬಾಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ಅಲ್-ನದೀಮ್ 987ರಲ್ಲಿ ರಚಿಸಿದ ‘ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯಲ್ಲಿ ಇರುಳುಗತೆಗಳಿಗೂ ಕಟ್ಟುಕಥೆಗಳಿಗೂ ಪ್ರತ್ಯೇಕ ಭಾಗವಿದೆ. ಕಲೀಲ ವ ದಿಮ್ನ ಭಾರತೀಯರದೋ ಇರಾನಿನವರದೋ ಎಂಬ ವಿವಾದವನ್ನು ಅವನು ಅಲ್ಲಿ ದಾಖಲಿಸುತ್ತಾನೆ. 942ರಲ್ಲಿ ತೀರಿಕೊಂಡ ಅಲ್-ಜಹ್ಶಿಯಾರಿ ಎಂಬ ಅಧಿಕಾರಿಯ ಪ್ರಯತ್ನವನ್ನೂ ಅವನೇ ತಿಳಿಸುತ್ತಾನೆ. ಅರಬ್ಬರು, ಇರಾನಿಗಳು, ಗ್ರೀಕರು ಮುಂತಾದವರ ಸಾವಿರ ಕಥೆಗಳನ್ನು ಕೂಡಿಸಲು ಹೊರಟ ಅಲ್-ಜಹ್ಶಿಯಾರಿ ಕಥೆಗಾರರನ್ನು ಕರೆಸಿ, ಅವರಿಗೆ ಗೊತ್ತಿದ್ದ ಕಥೆಗಳಲ್ಲಿ ಉತ್ತಮವಾದುವನ್ನು ಅವರ ಬಾಯಿಂದಲೇ ಪಡೆದನು, ಪುಸ್ತಕಗಳಿಂದಲೂ ಆರಿಸಿದನು. 480 ರಾತ್ರಿಗಳ ಕಥೆಗಳು ಸಿದ್ಧವಾಗುವಷ್ಟರಲ್ಲಿ ಅವನು ಮರಣ ಹೊಂದಿದನು. ಗ್ರಿಮ್ ಸಹೋದರರಿಗಿಂತ ಒಂಬತ್ತು ಶತಮಾನಗಳ ಹಿಂದೆ ಬಾಗ್ದಾದಿನಲ್ಲಿ ಬಾಯ್ದೆರೆಯ ಕಥೆಗಳ ಸಂಗ್ರಹಕಾರ್ಯ ನಡೆದಿತ್ತೆಂಬುದು ಜಾನಪದ ಅಧ್ಯಯನದ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ. ಆ ಸಂಗ್ರಹ ಈಗ ಲಭ್ಯವಿಲ್ಲ.

ಗ್ರಂಥದ ಸಂತತಿ

ಕಲೀಲ ವ ದಿಮ್ನ ಅರಬ್ಬಿ ಚಿಂತನೆಯೊಳಗೆ ಬೇರುಬಿಟ್ಟ ಬಗೆಗೆ ‘ಇಖ್ವಾನ್ ಅಲ್-ಸಫಾ’ ಉತ್ತಮ ನಿದರ್ಶನ. 10ನೆಯ ಶತಮಾನದ ಬಸ್ರಾದ ಈ ಚಿಂತಕರ ಗುಂಪು ಗಣಿತದಿಂದ ಅಧ್ಯಾತ್ಮದವರೆಗಿನ ವಿಷಯಗಳನ್ನು ಐವತ್ತಕ್ಕೂ ಮಿಕ್ಕ ಪತ್ರಪ್ರಬಂಧಗಳಲ್ಲಿ ವಿವರಿಸಿತು. ‘ನಿರ್ಮಲ ಸೋದರರು’ ಎಂಬರ್ಥದ ಅವರ ಹೆಸರು ಕಲೀಲ ವ ದಿಮ್ನದ ಪಾರಿವಾಳದ ಅಧ್ಯಾಯದಿಂದ, ಅಂದರೆ ಪಂಚತಂತ್ರದ ಮಿತ್ರಲಾಭದಿಂದ ಬಂದುದೆಂದು ಇಗ್ನಾಟ್ಸ್ ಗೋಲ್ಡ್‌ಜಿಹರ್ ತೋರಿಸಿಕೊಟ್ಟಿದ್ದಾನೆ. ಬಲೆಯೊಡನೆ ಒಟ್ಟಾಗಿ ಹಾರಿದ ಹಕ್ಕಿಗಳು ತತ್ತ್ವಜ್ಞಾನಿಗಳ ಸಂಘಕ್ಕೆ ಆದರ್ಶವಾದವು. ಅವರ ಒಂದು ಪ್ರಬಂಧದಲ್ಲಿ ಪ್ರಾಣಿಗಳು ಮನುಷ್ಯರ ದಬ್ಬಾಳಿಕೆಯ ವಿರುದ್ಧ ಜಿನ್ನ್‌ಗಳ ಅರಸನ ಮುಂದೆ ದೂರು ಕೊಡುತ್ತವೆ. ಪ್ರಾಣಿಯ ಮೂಲಕ ಮನುಷ್ಯನಿಗೆ ನೀತಿ ಹೇಳುವ ಕ್ರಮದಿಂದ, ಮನುಷ್ಯನನ್ನೇ ಪ್ರಾಣಿಗಳು ಕಟಕಟೆಯಲ್ಲಿ ನಿಲ್ಲಿಸುವ ಕ್ರಮಕ್ಕೆ ಕಥೆ ಇಲ್ಲಿ ಬೆಳೆದಿದೆ.

ಪಾರಸಿಯಲ್ಲಿ ಬೇರೊಂದು ಬಗೆಯ ಬೆಳವಣಿಗೆ ಕಾಣುತ್ತದೆ. 12ನೆಯ ಶತಮಾನದ ಮಧ್ಯಭಾಗದಲ್ಲಿ ಘಜ್ನಿಯ ಬಹ್ರಾಮ್‌ಶಾಹನ ಆಸ್ಥಾನದ ನಸ್ರುಲ್ಲಾ ಮುನ್ಷಿ ಅರಬ್ಬಿಯಿಂದ ಪಾರಸಿಗೆ ತಂದ ಗದ್ಯ ಆ ಭಾಷೆಗೆ ಮಾದರಿಯಾಯಿತು. ಅದು ಕಠಿಣವಾಯಿತೆಂದು ಹೆರಾತಿನ ಹುಸೈನ್ ವಾಇಜ್ ಕಾಶಿಫಿ 1500ರ ಸುಮಾರಿಗೆ ‘ಅನ್ವಾರ್-ಇ-ಸುಹೈಲಿ’ಯನ್ನು ಬರೆದನು. ಅದೂ ಅಲಂಕಾರಗಳಿಂದ ಭಾರವಾಯಿತೆಂದು ಅಕ್ಬರನ ಆಜ್ಞೆಯಂತೆ ಅಬುಲ್ ಫಜಲ್ 1588ರಲ್ಲಿ ‘ಅಯಾರ್-ಇ-ದಾನಿಶ್’ ರಚಿಸಿದನು. ಪ್ರತಿ ತಲೆಮಾರೂ ಹಿಂದಿನದು ತನ್ನ ಓದುಗರಿಗೆ ಒಗ್ಗದೆಂದು ಕಂಡು ಹೊಸದಾಗಿ ಹೇಳಿತು. ಅಕ್ಬರನ ಕಾಲದಲ್ಲಿಯೇ ಖಾಲಿಕ್‌ದಾದ್ ಅಬ್ಬಾಸಿ ಸಂಸ್ಕೃತದ ಪಂಚಾಖ್ಯಾನವನ್ನೂ ನೇರವಾಗಿ ಪಾರಸಿಗೆ ತಂದನು. ಸಾವಿರ ವರ್ಷ ಬೇರೆ ಬೇರೆಯಾಗಿ ಬೆಳೆದ ಎರಡು ಕವಲುಗಳು ಹೀಗೆ ಒಂದೇ ಆಸ್ಥಾನದಲ್ಲಿ ಸಂಧಿಸಿದವು.

ಪಶ್ಚಿಮದ ಕಡೆಗೆ 11ನೆಯ ಶತಮಾನದಲ್ಲಿ ಗ್ರೀಕ್, 12ನೆಯ ಶತಮಾನದಲ್ಲಿ ಹೀಬ್ರೂ, 1251ರಲ್ಲಿ ಕಾಸ್ಟಿಲಿಯನ್, 13ನೆಯ ಶತಮಾನದಲ್ಲಿ ಹೀಬ್ರೂವಿನಿಂದ ಕಾಪುವಾದ ಜಾನ್ ಮಾಡಿದ ಲ್ಯಾಟಿನ್ ಅನುವಾದ ಎಂಬ ಕ್ರಮದಲ್ಲಿ ಗ್ರಂಥ ಸಾಗಿತು. ಫ್ರೆಂಚ್ ಕವಿ ಲಾ ಫೊಂತೇನ್ 1678ರಲ್ಲಿ ತನ್ನ ಕಥೆಗಳ ಎರಡನೆಯ ಸಂಗ್ರಹಕ್ಕೆ ಭಾರತದ ಜ್ಞಾನಿ ಪಿಲ್ಪಾಯ್‌ಗೆ ಋಣಿಯೆಂದನು. ವಿಷ್ಣುಶರ್ಮನ ಬದಲು ಅವನಿಗೆ ಪರಿಚಿತವಾಗಿದ್ದುದು ಅರಬ್ಬಿಯ ಬೈದಬಾ ಎಂಬುದು ಈ ಹೆಸರಿನಿಂದಲೇ ಸ್ಪಷ್ಟ. ಒಂದು ಕಥೆಯ ರೂಪಾಂತರ ಈ ಹಾದಿಯನ್ನು ಚೆನ್ನಾಗಿ ತೋರಿಸುತ್ತದೆ. ಪಂಚತಂತ್ರದಲ್ಲಿ ಹಿಟ್ಟಿನ ಗಡಿಗೆಯನ್ನು ತೂಗುಹಾಕಿ ಮಲಗಿ ಕನಸು ಕಾಣುವ ಬ್ರಾಹ್ಮಣ, ಅರಬ್ಬಿಯಲ್ಲಿ ತುಪ್ಪ ಮತ್ತು ಜೇನಿನ ಗಡಿಗೆಯ ಯೋಗಿಯಾಗುತ್ತಾನೆ. 1335ರ ಸ್ಪ್ಯಾನಿಷ್ ಕೃತಿಯೊಂದರಲ್ಲಿ ಜೇನಿನ ಗಡಿಗೆ ಹೊತ್ತು ಸಂತೆಗೆ ಹೋಗುವ ಹೆಂಗಸು. ಲಾ ಫೊಂತೇನನಲ್ಲಿ ಹಾಲು ಮಾರುವವಳು. ಗಡಿಗೆ ಒಡೆಯುವುದು ಮಾತ್ರ ಎಲ್ಲೆಡೆ ಒಂದೇ.

ಅಲ್-ಬಿರೂನಿಯ ಆಕ್ಷೇಪ ಮತ್ತು ದುರ್ಗಸಿಂಹ

ಈ ಸ್ವಾತಂತ್ರ್ಯವನ್ನು ಇಸ್ಲಾಮಿ ನಾಗರಿಕತೆಯೊಳಗೇ ಪ್ರಶ್ನಿಸಿದವರಿದ್ದರು. ಅವರಲ್ಲಿ ಅಗ್ರಗಣ್ಯನು ಅಲ್-ಬಿರೂನಿ. ಸಂಸ್ಕೃತ ಕಲಿತು, ಯೋಗಶಾಸ್ತ್ರದ ಗ್ರಂಥವನ್ನು ಅರಬ್ಬಿಗೆ ಅನುವಾದಿಸಿದ ಈ ಮಹಾವಿದ್ವಾಂಸನು ಸುಮಾರು 1030ರಲ್ಲಿ ಪೂರ್ಣಗೊಳಿಸಿದ ಭಾರತ ಕುರಿತ ಗ್ರಂಥದಲ್ಲಿ, ಪಂಚತಂತ್ರವನ್ನು ತಾನೇ ಅನುವಾದಿಸುವ ಆಸೆಯನ್ನು ವ್ಯಕ್ತಪಡಿಸಿದ್ದಾನೆ. ಲಭ್ಯವಿರುವ ಅನುವಾದಗಳ ಮೇಲೆ ಅವನಿಗೆ ನಂಬಿಕೆಯಿಲ್ಲ. ದುರ್ಬಲ ಶ್ರದ್ಧೆಯವರಲ್ಲಿ ಸಂಶಯ ಬಿತ್ತಿ ಮಾನಿಯ ಮತದ ಕಡೆಗೆ ಸೆಳೆಯಲು ಇಬ್ನ್ ಅಲ್-ಮುಕಫ್ಫನು ಬುರ್ಜೋಯನ ಅಧ್ಯಾಯವನ್ನು ಸೇರಿಸಿದನೆಂದು ಅವನು ಆಪಾದಿಸುತ್ತಾನೆ. ಸೇರಿಸಲು ಹಿಂಜರಿಯದವನು ಅನುವಾದದಲ್ಲಿ ಪ್ರಾಮಾಣಿಕನಾಗಿದ್ದಾನೆಂದು ನಂಬುವುದು ಹೇಗೆ ಎಂಬುದು ಅವನ ತರ್ಕ.

ಈ ಆಕ್ಷೇಪ ಲಘುವಾದುದಲ್ಲ. ಅನ್ಯರ ವಿಚಾರವನ್ನು ಅವರ ಮಾತಿನಲ್ಲೇ ತಿಳಿಯಬೇಕೆಂಬ ಬೌದ್ಧಿಕ ಪ್ರಾಮಾಣಿಕತೆ ಅದರ ಹಿಂದಿದೆ. ಹುನೈನನು ವೈದ್ಯಗ್ರಂಥಗಳಿಗೆ ಅನ್ವಯಿಸಿದ ಮಾನದಂಡವನ್ನೇ ಅಲ್-ಬಿರೂನಿ ಕಥಾಗ್ರಂಥಕ್ಕೂ ಅನ್ವಯಿಸುತ್ತಾನೆ. ಔಷಧದ ಪ್ರಮಾಣ ತಪ್ಪಿದರೆ ರೋಗಿ ಸಾಯುತ್ತಾನೆ. ಅಲ್ಲಿ ಯಥಾವತ್ತತೆಯೇ ಧರ್ಮ. ಆದರೆ ಕಥೆ ಯಥಾವತ್ತಾಗಿ ನಿಂತರೆ ಕೇಳುಗನನ್ನು ಕಳೆದುಕೊಳ್ಳುತ್ತದೆ. ಶಾಸ್ತ್ರದ ನಿಷ್ಠೆ, ಕಥೆಯ ನಿಷ್ಠೆ ಎಂಬ ಎರಡು ಬಗೆಗಳು ಆ ನಾಗರಿಕತೆಯಲ್ಲಿ ಜೊತೆಯಾಗಿದ್ದವು, ಪರಸ್ಪರ ವಾದಿಸುತ್ತಿದ್ದವು. ಆ ವಾದವೇ ಅದರ ಬೌದ್ಧಿಕ ಜೀವಂತಿಕೆಗೆ ಪುರಾವೆ.

ಅಲ್-ಬಿರೂನಿ ಘಜ್ನಿಯಲ್ಲಿ ಈ ಮಾತು ಬರೆದ ಮರುವರ್ಷವೇ, ಅಂದರೆ 1031ರಲ್ಲಿ, ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹನು ಕನ್ನಡದಲ್ಲಿ ‘ಕರ್ಣಾಟಕ ಪಂಚತಂತ್ರ’ವನ್ನು ರಚಿಸಿದನೆಂಬುದು ವಿದ್ವಾಂಸರ ನಿರ್ಣಯ. ಇಬ್ಬರಿಗೂ ಪರಸ್ಪರ ಪರಿಚಯವಿರುವ ಸಾಧ್ಯತೆಯಿಲ್ಲ. ದುರ್ಗಸಿಂಹನು ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಅನುಸರಿಸಿದನು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂದು ತಂತ್ರಗಳ ಕ್ರಮವೇ ಅವನಲ್ಲಿ ಬೇರೆ. ಸಂಸ್ಕೃತದ ಇತರ ಪಾಠಗಳಲ್ಲಿ ಕಾಣದ ಕಥೆಗಳೂ ಅಲ್ಲಿವೆ. ಈ ವಸುಭಾಗ ಪರಂಪರೆಗೆ ಜಾವಾ ಮುಂತಾದ ಆಗ್ನೇಯ ಏಷ್ಯಾದ ಪಾಠಗಳೊಡನೆ ಸಂಬಂಧವಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡ ಸಾಹಿತ್ಯ ಚರಿತ್ರೆ ದುರ್ಗಸಿಂಹನನ್ನು ಮೂಲಕ್ಕೆ ಅಪಚಾರ ಮಾಡಿದವನೆಂದು ನೋಡಿಲ್ಲ. ಕಥೆಯನ್ನು ಕನ್ನಡದ್ದಾಗಿಸಿದ ಕವಿಯೆಂದು ಗೌರವಿಸಿದೆ. ದುರ್ಗಸಿಂಹನಿಗೆ ಸಲ್ಲುವ ನ್ಯಾಯ ಇಬ್ನ್ ಅಲ್-ಮುಕಫ್ಫನಿಗೂ ಸಲ್ಲಬೇಕು. ಇಬ್ಬರೂ ಆಸ್ಥಾನದ ಬರವಣಿಗೆಯವರು. ಇಬ್ಬರೂ ರಾಜನೀತಿಯ ಕಥೆಯನ್ನು ತಮ್ಮ ಭಾಷೆಯ ಹೊಸ ಗದ್ಯಕ್ಕೆ ಒಗ್ಗಿಸಿದವರು.

ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಇಸ್ಲಾಮಿ ನಾಗರಿಕತೆಯ ಬೌದ್ಧಿಕ ಪರಂಪರೆಯಲ್ಲಿ ಕಥೆ ಶಾಸ್ತ್ರದ ಹೊರಗಿನ ವಿನೋದವಾಗಿರಲಿಲ್ಲ. ನ್ಯಾಯ, ಧರ್ಮಜಿಜ್ಞಾಸೆ, ರಾಜನೀತಿಗಳನ್ನು ಚಿಂತಿಸುವ ಸಾಧನವಾಗಿತ್ತು. ಎರಡು, ಆ ಪರಂಪರೆಯನ್ನು ಕಟ್ಟಿದವರು ಒಂದೇ ಜನಾಂಗದವರಲ್ಲ, ಒಂದೇ ಮತದವರೂ ಅಲ್ಲ. ಇರಾನಿ ಕಾರ್ಯದರ್ಶಿ, ಕ್ರೈಸ್ತ ವೈದ್ಯ, ಹೆಸರಿಲ್ಲದ ಲಿಪಿಕಾರ, ಪೇಟೆಯ ಕಥೆಗಾರ ಎಲ್ಲರೂ ಅದರಲ್ಲಿ ಪಾಲುದಾರರು. ಮೂರು, ಕಲೀಲ ವ ದಿಮ್ನವನ್ನು ಪಂಚತಂತ್ರದ ಸಾಗಣೆಯ ಒಂದು ಘಟ್ಟವೆಂದು ಮಾತ್ರ ನೋಡಿದರೆ ದಿಮ್ನನ ವಿಚಾರಣೆಯಂತಹ ಮಹತ್ವದ ಸೃಷ್ಟಿ ಕಣ್ಣಿಗೆ ಬೀಳುವುದಿಲ್ಲ.

ಸಂಸ್ಕೃತ ಮೂಲ ಉಳಿಯಲಿಲ್ಲ, ಪಹ್ಲವಿ ಅನುವಾದ ಉಳಿಯಲಿಲ್ಲ, ಇಬ್ನ್ ಅಲ್-ಮುಕಫ್ಫನ ಸ್ವಂತ ಪ್ರತಿಯೂ ಉಳಿಯಲಿಲ್ಲ. ಉಳಿದುದು ಪ್ರತಿ ಮಾಡಿದವರ ಕೈಯಲ್ಲಿ ಬದಲಾಗುತ್ತ ಬಂದ ಗ್ರಂಥ. ಕನ್ನಡದಲ್ಲಿ ದುರ್ಗಸಿಂಹನ ಪಾಠವನ್ನು ಅರಬ್ಬಿ ಹಾಗೂ ಪಾರಸಿ ಪಾಠಗಳೊಡನೆ, ಜನಪದರ ನಾಲಗೆಯ ಮೇಲಿರುವ ಪ್ರಾಣಿಕಥೆಗಳೊಡನೆ ಕಥೆಕಥೆಯಾಗಿ ಹೋಲಿಸುವ ಅಧ್ಯಯನ ವಿಸ್ತಾರವಾಗಿ ನಡೆಯಬೇಕಾಗಿದೆ. ಆ ಅಧ್ಯಯನ ಯಾರಿಂದ ಯಾರು ಪಡೆದರು ಎಂಬ ಲೆಕ್ಕಕ್ಕೆ ನಿಲ್ಲದೆ, ಪಡೆದವರು ಅದರಿಂದ ಏನನ್ನು ಮಾಡಿಕೊಂಡರು ಎಂಬ ಪ್ರಶ್ನೆಯಿಂದ ಹೊರಟರೆ ಫಲಪ್ರದವಾದೀತು.